ಹನ್ನೊಂದು ಮತ್ತಿ

ಫೆಬ್ರವರಿ ೩, ಸೋಮವಾರ

ಅಕ್ಕಾ, ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಮಾತ್ರ ನೋವೋ, ಕೂತಲ್ಲೂ ನೋವೋ? ಭಾವನ ಕೆಮ್ಮು ನಿಂತಿತೇ? ನಿನ್ನ ಮಗಳು ಪುಟ್ಟಿ ಹೊಸ ಕನ್ನಡಕಕ್ಕೆ ಒಗ್ಗಿಕೊಂಡಳೇ, ಇನ್ನೂ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾಳೆಯೇ? ಅವಳ ಯಜಮಾನರಾದ ಲೆಕ್ಕದ ಮೇಷ್ಟ್ರ ಗಂಟಲು ಸರಿಹೋಯಿತೇ? ಮೊಮ್ಮಗ ಗುಂಡನಿಗೆ ಮುಂದಿನ ಹಲ್ಲು ಬಂತೇ? ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ ಎಂದು ಹೇಳು, ಒಟ್ಟಿಗೆ ಹೇಳಿ ಮುಗಿಸಬೇಡ. ನಾನು ಗಟ್ಟಿಯಾಗಿದ್ದೇನೆ. ಹಲ್ಲು ಎರಡು ಕಡಿಮೆಯಾಗಿವೆ, ಮಾತು ಕಡಿಮೆಯಾಗಿಲ್ಲ.

ಬರೆಯಲು ಒಂದು ತಿಂಗಳು ತಡವಾಯಿತು. ಯಾಕೆ ಎಂದು ಕೇಳಿದರೆ ನಮ್ಮ ಮನೆಯ ಉತ್ತರ ಇದ್ದೇ ಇದೆ: ಜಿಂಕೆ ಅಡ್ಡ ಬಂತು. ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ, ಗುಂಡ ಶಾಲೆಗೆ ಚಕ್ಕರ್ ಹೊಡೆದರೂ ಇದೇ ಮಾತಲ್ಲವೇ ನಮ್ಮಲ್ಲಿ. ಭಾವ ಮುನಿಸಿಕೊಳ್ಳಬಾರದು ಅಷ್ಟೆ.

ಹೊಸ ಸುದ್ದಿ ಇದೆ. ಸಸಿ ನರ್ಸರಿಯ ಕಚೇರಿಯಿಂದ ಕರೆ ಬಂದಿದೆ. ನಾನು ಅಲ್ಲಿಂದ ನಿವೃತ್ತಿಯಾಗಿ ಏಳು ವರ್ಷವಾಯಿತು, ಆದರೂ ಮರದ ವಿಷಯಕ್ಕೆ ನನ್ನನ್ನೇ ನೆನೆಸಿಕೊಂಡಿದ್ದಾರೆ ನೋಡು. ಜಿಂಕೆ ಗಣತಿಗೆ ಒಬ್ಬ ಮೇಡಂ ಬಂದಿದ್ದಾರೆ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಜಿಂಕೆ ಸಾಯುವುದು ಹೆಚ್ಚಾಗಿದೆಯಂತೆ. ಜಿಂಕೆಯನ್ನು ಕರೆಯುವ ಹಣ್ಣಿನ ಮರ, ಕಾಯಿ ಮರ ಯಾವುವು, ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಬೇಕು. ರಸ್ತೆಗೆ ಹತ್ತಿರವಿರುವ ಅಂಥ ಮರಗಳಿಗೆ ಹಳದಿ ಪಟ್ಟೆ ಬಳಿದು, ಅವನ್ನು ತೆಗೆಸಿ, ಬದಲಿಗೆ ಕಾಡಿನ ಒಳಗೆ ಅದೇ ಜಾತಿ ನೆಡುತ್ತಾರಂತೆ. ದಾರಿ ತೋರಿಸಲು ನಾನು. ಅವರ ಜೀಪಿನಲ್ಲಿ ಮುಂದಿನ ಸೀಟು ನನಗೇ.

ಎಂದಿನ ಹಾಗೆ ಮೊದಲು ಈ ನೋಟ್‌ಬುಕ್ಕಿನಲ್ಲಿ ಬರೆದು, ತಿದ್ದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ. ಇಲ್ಲಿ ಬರೆದದ್ದೆಲ್ಲ ಅಲ್ಲಿಗೆ ಬರುವುದಿಲ್ಲ. ಇಲ್ಲಿ ಓದುವವಳು ನಾನೊಬ್ಬಳೇ.

ಫೆಬ್ರವರಿ ೬, ಗುರುವಾರ

ಮೇಡಂಗೆ ನಲವತ್ತರ ಮೇಲಿದೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಎಲೆಗಳ ಚಿತ್ರದ ಪುಸ್ತಕ. ಒಂದೊಂದು ಮರದ ಮುಂದೂ ನಿಂತು ತಲೆ ಎತ್ತುತ್ತಾರೆ, ಪುಸ್ತಕ ನೋಡುತ್ತಾರೆ, ಮತ್ತೆ ಎತ್ತುತ್ತಾರೆ. ಹತ್ತು ಮರ ಆಗುವಷ್ಟರಲ್ಲಿ ಕತ್ತು ಹಿಡಿದುಕೊಂಡಿತು.

"ಮೇಡಮ್ಮ, ಜಿಂಕೆ ಮೇಲೆ ನೋಡಲ್ಲ. ನೀವೂ ನೆಲ ನೋಡಿ," ಅಂದೆ.

ನೆಲ ನೋಡಲು ಕಲಿಸಿದೆ. ತಾರೆ ಮರದ ಕೆಳಗೆ ಕಾಯಿಯ ಸಿಪ್ಪೆ ಮಾತ್ರ ಹೋಗಿ ಗೊರಟೆ ಉಳಿದಿದ್ದರೆ ಬಂದದ್ದು ಜಿಂಕೆ. ಗೊರಟೆ ಕೊರೆದು ಒಳಗಿನ ತಿರುಳನ್ನೂ ತೆಗೆದಿದ್ದರೆ ಮುಳ್ಳುಹಂದಿ. ಎಲಚಿಯ ಕೆಳಗಿನ ಕೊಂಬೆಗಳೆಲ್ಲ ಒಂದೇ ಮಟ್ಟಕ್ಕೆ, ಕತ್ತರಿ ಹಿಡಿದು ಕತ್ತರಿಸಿದ ಹಾಗೆ ನಿಂತಿದ್ದರೆ ಅದು ಜಿಂಕೆಯ ಕತ್ತು ಎಟುಕುವ ಮಟ್ಟ. ಮೇಲೆ ಮುಸುವ ಕೂತಿದ್ದರಂತೂ ಕೇಳಲೇಬೇಡ. ಅದು ಅರ್ಧ ಕಚ್ಚಿ ಎಸೆಯುತ್ತದೆ, ಜಿಂಕೆ ಕೆಳಗೆ ಕಾದಿರುತ್ತದೆ. ನಮ್ಮ ಗುಂಡನ ಊಟದ ಹೊತ್ತಿಗೆ ಬೆಕ್ಕು ಕಾದ ಹಾಗೆ.

ಬಯಲಿನಲ್ಲಿ ಒಂದು ಕಡೆ ನೆಲ್ಲಿಯ ಗೊರಟೆಗಳ ಗುಡ್ಡೆ ಸಿಕ್ಕಿತು. ಮೇಡಂ ಖುಷಿಯಾಗಿ "ನೆಲ್ಲಿ ಮರ, ಒಂದು" ಎಂದು ಬರೆದುಕೊಂಡರು. ಸುತ್ತ ಎಲ್ಲೂ ನೆಲ್ಲಿ ಇರಲಿಲ್ಲ. ನಾನು ನಕ್ಕೆ. ಜಿಂಕೆ ನೆಲ್ಲಿಕಾಯಿಯನ್ನು ಮರದಡಿ ನುಂಗಿಬಿಡುತ್ತದೆ, ಆಮೇಲೆ ದೂರ ಹೋಗಿ ಕೂತು ಮೆಲುಕು ಹಾಕುವಾಗ ಒಂದೊಂದಾಗಿ ಗೊರಟೆ ಉಗುಳುತ್ತದೆ. ತಿಂದದ್ದು ಒಂದು ಕಡೆ, ಉಗುಳುವುದು ಇನ್ನೊಂದು ಕಡೆ. ಮೇಡಂ ಬರೆದದ್ದನ್ನು ಹೊಡೆದುಹಾಕಿ, "ನಿಮಗೆ ಇದೆಲ್ಲ ಯಾರಮ್ಮ ಕಲಿಸಿದ್ದು?" ಎಂದು ಕೇಳಿದರು. ಎಲ್ಲ ನರ್ಸರಿಯಲ್ಲೇ, ಓದು ಕಲಿತದ್ದೂ ಅಲ್ಲೇ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಸಸಿ ಸಾಲುಗಳ ತಗಡಿನ ಚೀಟಿ ನೋಡಿಕೊಂಡೇ, ಅಂದೆ. ಗಿಡ ಗೊತ್ತಿತ್ತು, ಹೆಸರು ಗೊತ್ತಿತ್ತು. ತಗಡಿನ ಮೇಲಿರುವುದು ಅದೇ ಹೆಸರು ಎಂದು ತಿಳಿದ ದಿನ ಅಕ್ಷರ ತಾನಾಗಿ ಬಂತು.

"ಅಬ್ಬ," ಎಂದು ಅದನ್ನೂ ಬರೆದುಕೊಂಡರು.

ಫೆಬ್ರವರಿ ೧೧, ಮಂಗಳವಾರ

ಇವತ್ತು ಮೇಡಂ ನಕ್ಷೆ ಬಿಡಿಸಿ ತೋರಿಸಿದರು. ಜಿಂಕೆ ಸತ್ತ ಕಡೆಯೆಲ್ಲ ಕೆಂಪು ಚುಕ್ಕೆ. ರಸ್ತೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು. ಒಂದು ತಿರುವಿನಲ್ಲಿ ಮಾತ್ರ ದಡಾರ ಎದ್ದ ಹಾಗೆ. "ಏಳು ವರ್ಷದ ಹಿಂದೆ ಇಲ್ಲಿ ಒಂದೂ ಸಾಯ್ತಿರಲಿಲ್ಲ. ಆಮೇಲೆ ವರ್ಷಕ್ಕೆ ಐದು, ಆರು. ಏನಾಯ್ತೋ ತಿಳಿಯುತ್ತಿಲ್ಲ," ಅಂದರು.

ರಸ್ತೆ ಬದಿಯ ಮರಗಳು ಕಚೇರಿಯವರೇ ನೆಡಿಸಿದವು, ಅವನ್ನು ನಡೆದು ನೋಡುವುದಿಲ್ಲವಂತೆ. ಕಚೇರಿಯ ಹಳೆಯ ರಿಜಿಸ್ಟರಿನಿಂದಲೇ ಪಟ್ಟಿಗೆ ಇಳಿಸುತ್ತಾರಂತೆ. ರಿಜಿಸ್ಟರಿನಲ್ಲಿ ಆ ತಿರುವಿನ ಮುಂದೆ ಗುಂಡಾದ ಅಕ್ಷರದಲ್ಲಿ ಬರೆದಿದೆ: ಮತ್ತಿ, ಹನ್ನೊಂದು.

"ಮತ್ತಿ ಮರದ ಕೆಳಗೆ ಜಿಂಕೆಗೇನು ಕೆಲಸ, ಅಮ್ಮಾ?"

ಅದೇ ಮಾತು. ಹತ್ತೊಂಬತ್ತು ವರ್ಷದ ಹಿಂದೆ ವಿಚಾರಣೆಗೆ ಬಂದ ಸಾಹೇಬರೂ ಇದನ್ನೇ ಕೇಳಿದ್ದರು, ಅವರು ನಗುತ್ತಾ.

ನೀರಿಗೆ ಬರ್ತವೇನೋ, ಅಂದೆ.

ಫೆಬ್ರವರಿ ೧೨, ಬುಧವಾರ

ಹೋಗಲಿಲ್ಲ. ಕಾಲು ನೋವು ಎಂದು ಹೇಳಿ ಕಳಿಸಿದೆ. ಕಾಲು ಚೆನ್ನಾಗಿಯೇ ಇದೆ.

ಫೆಬ್ರವರಿ ೨೦, ಗುರುವಾರ

ವಾರ ಪೂರ್ತಿ ಕಾಡಿನ ಒಳಗೇ ಅಲೆದೆವು. ಶಿವನೆ ಇಪ್ಪತ್ತಾರು, ತಾರೆ ನಲವತ್ತು, ನೆಲ್ಲಿ ಲೆಕ್ಕ ತಪ್ಪಿತು. ಮೇಡಂ ಈಗ ನನಗಿಂತ ಚುರುಕು, ನೆಲ ನೋಡಿಕೊಂಡೇ ಮರದ ಹೆಸರು ಹೇಳುತ್ತಾರೆ. ಸಂಜೆ ರಸ್ತೆಗೆ ಬಂದಾಗ ಜೀಪು ತಿರುವು ದಾಟುವವರೆಗೂ ನಾನು ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದೆ.

ಒಳ್ಳೆಯ ಹಾಳೆಗೆ ಇನ್ನೂ ಏನೂ ಇಳಿಸಿಲ್ಲ ಅಕ್ಕಾ. ಬರೆಯಬೇಕಾದ್ದು ಇಲ್ಲೇ ನಿಂತಿದೆ, ಅದನ್ನು ದಾಟಿಕೊಂಡು ಹೋಗಲಾಗುತ್ತಿಲ್ಲ. ನಾನೊಬ್ಬಳೇ ಓದುವುದಲ್ಲವೇ, ಬರೆಯುತ್ತೇನೆ.

ಇಪ್ಪತ್ತೇಳು ವರ್ಷವಾಯಿತು. ಆ ತಿರುವಿನಲ್ಲಿ ಸಸಿ ನೆಡಬೇಕೆಂದು ಕಚೇರಿಯಿಂದ ಚೀಟಿ ಬಂತು. ಚೀಟಿ ಓದುವ ಗುಮಾಸ್ತ ರಜೆಯಲ್ಲಿದ್ದ. ನಾನು ಓದು ಕಲಿತು ವರ್ಷವಾಗಿತ್ತು ಅಷ್ಟೆ, ಯಾರಾದರೂ ಕಾಗದ ತಂದರೆ ಸಾಕು, ನನ್ನ ಕೈ ಮುಂದೆ ಹೋಗುತ್ತಿತ್ತು. ಮೊದಲ ಅಕ್ಷರದ ಮೇಲೆ ಶಾಯಿ ಹರಡಿತ್ತು. ಮುಂದಿನ "ತ್ತಿ" ಚೆನ್ನಾಗಿ ಕಾಣುತ್ತಿತ್ತು. ಹನ್ನೊಂದು ಎನ್ನುವುದೂ ಕಾಣುತ್ತಿತ್ತು. ನನಗೆ ತಗಡಿನಲ್ಲಿ ದಿನಾ ಕಾಣುವ ಹೆಸರು ಅತ್ತಿ. ಅತ್ತಿ ಎಂದು ಓದಿದೆ.

ಆಗಿನ ಮೇಸ್ತ್ರಿ ಮುದುಕರು. ನನಗೆ ಕಸಿ ಕಟ್ಟಲು, ನೆಲ ನೋಡಲು ಕಲಿಸಿದವರು ಅವರೇ. ಗುದ್ದಲಿ ಊರಿ ನಿಂತು, "ಅತ್ತಿನಾ? ರಸ್ತೆ ಬದಿಗಾ? ಹಣ್ಣು ರಸ್ತೆ ಮೇಲೆ ಉದುರಲ್ವೇನೇ? ಮತ್ತಿ ಇರಬೇಕು, ಸರಿಯಾಗಿ ನೋಡು," ಅಂದರು.

"ಅತ್ತೆ ಅಂದ್ರೂ ಮತ್ತೆ ಅಂತೀರಿ, ಅತ್ತಿ ಅಂದ್ರೂ ಮತ್ತಿ ಅಂತೀರಿ. ಚೀಟೀಲಿ ಹೀಗೇ ಬರೆದಿದೆ. ಬೇಕಾದ್ರೆ ನೀವೇ ಓದಿ," ಎಂದು ಚೀಟಿಯನ್ನು ಅವರ ಮುಖದ ಮುಂದೆ ಹಿಡಿದೆ.

ಅವರಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆಲಸದ ಹೆಂಗಸರೆಲ್ಲ ನಕ್ಕರು. ಮುದುಕರು ಗುದ್ದಲಿ ಎತ್ತಿ ಗುಂಡಿ ತೋಡಿದರು. ಹನ್ನೊಂದು ಅತ್ತಿ ಸಸಿಗಳನ್ನು ನೆಡಲಾಯಿತು. ಗುಮಾಸ್ತ ರಜೆ ಮುಗಿಸಿ ಬಂದು, ಕಚೇರಿಯ ಆದೇಶ ನೋಡಿಕೊಂಡು ರಿಜಿಸ್ಟರಿನಲ್ಲಿ ಮತ್ತಿ ಎಂದೇ ಬರೆದ. ಮರ ನೋಡಲು ಅವನೂ ಹೋಗಲಿಲ್ಲ. ಮುದುಕರು ಕೆಲಸ ಬಿಟ್ಟ ಮೇಲೆ, ಓದು ಬಲ್ಲವಳು ಎಂದು ನನ್ನನ್ನೇ ಮೇಸ್ತ್ರಿ ಮಾಡಿದರು.

ನೆಡಲಾಯಿತು ಎಂದು ಬರೆದಿದ್ದೇನೆ ನೋಡು, ಕಚೇರಿಯವರ ಹಾಗೆ.

ಫೆಬ್ರವರಿ ೨೧, ಶುಕ್ರವಾರ

ಉಳಿದದ್ದನ್ನೂ ಬರೆದುಬಿಡುತ್ತೇನೆ.

ಎಂಟನೆಯ ವರ್ಷ ಮರಗಳು ಮೊದಲ ಸಲ ಹಣ್ಣು ಬಿಟ್ಟವು. ಬುಡದಿಂದ ಕೊಂಬೆಯವರೆಗೆ ಮೈಯೆಲ್ಲ ಗೊಂಚಲು. ಆ ವಾರವೇ ಬೆಳಗಿನ ಜಾವ ಭಾವನ ಹಾಲಿನ ವ್ಯಾನು ಅಲ್ಲಿ ಮಗುಚಿತು. ವಿಚಾರಣೆ ನಡೆದದ್ದು ಅಲ್ಲಿಗೆ ಹತ್ತಿರವಿದ್ದ ನಮ್ಮ ಕಚೇರಿಯ ವರಾಂಡದಲ್ಲಿ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಭಾವ ಬೆಂಚಿನ ಮೇಲೆ ಕೂತಿದ್ದರು. ಜಿಂಕೆ ಅಡ್ಡ ಬಂತು, ಬ್ರೇಕು ಒತ್ತಿದೆ, ಚಕ್ರ ಜಾರಿತು, ಅಂದರು. ಸಾಹೇಬರು ಅಲ್ಲಿ ಯಾವ ಮರ ಎಂದು ಕೇಳಿದರು. ಗುಮಾಸ್ತ ರಿಜಿಸ್ಟರು ತೆಗೆದು ಓದಿದ: ಮತ್ತಿ, ಹನ್ನೊಂದು. ಒಣ ರೆಕ್ಕೆಯ ಕಾಯಿ, ಯಾವ ಪ್ರಾಣಿಯೂ ಮೂಸುವುದಿಲ್ಲ. ಮತ್ತಿ ಮರದ ಕೆಳಗೆ ಜಿಂಕೆಗೇನು ಕೆಲಸ ಎಂದರು ಸಾಹೇಬರು, ಎಲ್ಲರೂ ನಕ್ಕರು. ತೂಕಡಿಸಿ ಗಾಡಿ ಬೀಳಿಸಿ ಜಿಂಕೆಯ ಕತೆ ಕಟ್ಟಿದ್ದಾನೆ ಎಂದು ತೀರ್ಮಾನವಾಯಿತು. ಲೈಸೆನ್ಸು ಹೋಯಿತು. ಆಮೇಲೆ ಭಾವ ಗೋದಾಮಿನ ಗೇಟಿನಲ್ಲಿ ಕಾವಲಿಗೆ ಕೂತದ್ದು ನಿನಗೇ ಗೊತ್ತು.

ನಾನು ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ರಿಜಿಸ್ಟರು ಓದಿದಾಗಲೇ ನನಗೆ ಚೀಟಿ ನೆನಪಾದದ್ದು. ಹಿಂದಿನ ದಿನ ನಾನೇ ತಿರುವಿಗೆ ಹೋಗಿ ನೋಡಿ ಬಂದಿದ್ದೆ. ರಸ್ತೆಯ ಮೇಲೆ ಅರೆದ ಅತ್ತಿಹಣ್ಣು, ಅಂಚಿನ ಮಣ್ಣಿನಲ್ಲಿ ಗೊರಸಿನ ಗುರುತು. ಒಂದು ಮಾತು ಸಾಕಿತ್ತು. ಆಡಿದ್ದರೆ ಮೇಸ್ತ್ರಿ ಕೆಲಸ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ, ಓದಲು ಬಾರದವಳು ಎಂದಾಗುತ್ತಿತ್ತು. ಟೀ ಕೊಟ್ಟು ಒಳಗೆ ಹೋದೆ.

ಮಾರನೆಯ ದಿನದಿಂದ ಪೊರಕೆ ತೆಗೆದುಕೊಂಡು ಹೋಗಿ ಗುಡಿಸತೊಡಗಿದೆ. ಹಣ್ಣಿನ ಕಾಲದಲ್ಲಿ ದಿನಾ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು, ಹನ್ನೆರಡು ವರ್ಷ. ಮೇಸ್ತ್ರಿಗೆ ಚೊಕ್ಕಟದ ಹುಚ್ಚು ಎಂದು ಬಸ್ಸಿನವರು ಆಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ನಾಲ್ಕು ಮೈಲಿ ನಡೆಯಲು ಆಗಲಿಲ್ಲ, ಬಿಟ್ಟೆ. ಮೇಡಂ ನಕ್ಷೆಯ ಚುಕ್ಕೆಗಳು ಅಲ್ಲಿಂದ ಶುರು.

ಮಾರ್ಚ್ ೧, ಶನಿವಾರ

ನೀನೇ ಫೋನು ಮಾಡಿದೆ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀನು ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ನಮಗೆ ಕಾಗದವೇ ಸರಿ. "ಬದುಕಿದ್ದೀಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಮಾಡ್ದೆ ಕಣೇ, ಎರಡು ತಿಂಗಳಾಯ್ತು ಒಂದು ಸಾಲಿಲ್ಲ," ಅಂದೆ. ಮಂಡಿ, ಕೆಮ್ಮು, ಗುಂಡನ ಹಲ್ಲು, ಎಲ್ಲದರ ಸುದ್ದಿಯೂ ಆಯಿತು. ಅಷ್ಟರಲ್ಲಿ ಭಾವ ಅಂಗಡಿಯಿಂದ ಬಂದರು ಎಂದು ಕಾಣುತ್ತದೆ, ಬಾಗಿಲ ಸದ್ದಾಯಿತು. ನೀನು ಫೋನು ಕಿವಿಗಿಟ್ಟುಕೊಂಡೇ ಕೂಗಿದೆ:

"ಯಾಕ್ರೀ ಇಷ್ಟು ಹೊತ್ತು? ಜಿಂಕೆ ಬಂದಿತ್ತಾ?"

ಪುಟ್ಟಿ ನಕ್ಕದ್ದು ಕೇಳಿಸಿತು. ಮೇಷ್ಟ್ರು ನಕ್ಕದ್ದು ಕೇಳಿಸಿತು. ಎಲ್ಲರೂ ನಕ್ಕು ಮುಗಿದ ಮೇಲೆ ಭಾವನ ದನಿ ಬಂತು.

"ಹೂಂ. ಬಂದಿತ್ತು."

ಯಾವಾಗಲೂ ಅವರು ಹೇಳುವುದು ಅಷ್ಟೆ. ಅವರೂ ತಮಾಷೆಗೆ ಸೇರಿಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಅಕ್ಕಾ, ಆ ದನಿಯಲ್ಲಿ ನಗು ಇಲ್ಲ. ಹತ್ತೊಂಬತ್ತು ವರ್ಷದಿಂದ ಅವರು ಉತ್ತರ ಹೇಳುತ್ತಿದ್ದಾರೆ, ನಾವು ಕೇಳಿಸಿಕೊಂಡಿಲ್ಲ. ನೀವಾದರೂ ಗೊತ್ತಿಲ್ಲದೆ ನಕ್ಕಿರಿ.

ಫೋನು ಇಟ್ಟ ಮೇಲೆ ಪಾತ್ರೆಯೆಲ್ಲ ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

ಮಾರ್ಚ್ ೪, ಮಂಗಳವಾರ

ಗಣತಿ ಮುಗಿಯಿತಂತೆ. ಪಟ್ಟಿಯನ್ನು ಶುಕ್ರವಾರ ಮೇಲಿನ ಕಚೇರಿಗೆ ಕಳಿಸುತ್ತಾರೆ. ತಿರುವಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಜಿಂಕೆಯ ಚಿತ್ರದ ಬೋರ್ಡು ಹಾಕಿಸುತ್ತೇವೆ, ಮತ್ತಿ ಮರ ಕಡಿಯಲು ಕಾರಣವಿಲ್ಲವಲ್ಲ, ಅಂದರು.

ಮಾರ್ಚ್ ೬, ಗುರುವಾರ

ಪಟ್ಟಿ ಕೊನೆಯ ಸಲ ತಾಳೆ ನೋಡಲು ಮೇಡಂ ಜೊತೆ ಕಚೇರಿಗೆ ಹೊರಟಿದ್ದೆ, ಜೀಪು ತಿರುವಿಗೆ ಬಂದಾಗ ನಿಲ್ಲಿಸಿ ಅಂದೆ. ನನಗೇನೋ ಆಯಿತೆಂದು ಮೇಡಂ ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಇಳಿದರು.

ಏಳು ವರ್ಷದಲ್ಲಿ ಮರಗಳು ಎಷ್ಟು ದೊಡ್ಡವಾಗಿವೆ ಅಕ್ಕಾ. ಇಬ್ಬರು ಕೈ ಹಿಡಿದು ತಬ್ಬಬೇಕು. ಈ ಸಲದ ಕಾಯಿ ಆಗಲೇ ಕಟ್ಟಿದೆ, ಒಂದೆರಡು ಗೊಂಚಲು ಹಣ್ಣಾಗಿ ರಸ್ತೆಗೆ ಉದುರಿವೆ. ಮೇಡಂ ಮರ ನೋಡಲಿಲ್ಲ, ನೆಲ ನೋಡಿದರು. ಬಗ್ಗಿ ಒಂದು ಹಣ್ಣು ತೆಗೆದುಕೊಂಡು ಎರಡು ಹೋಳು ಮಾಡಿದರು. ಎಲೆಯೊಂದನ್ನು ಕಿತ್ತು ತೊಟ್ಟಿನಿಂದ ಹಾಲು ಒಸರುವುದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಮ್ಮಾ, ಇದು ಅತ್ತಿ."

"ಹೌದು."

"ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು. ನೆಟ್ಟವಳು ನಾನೇ."

ಚೀಟಿಯ ಕತೆ ಹೇಳಿದೆ. ಮುದುಕ ಮೇಸ್ತ್ರಿಯ ಮುಖಕ್ಕೆ ಹಿಡಿದದ್ದನ್ನೂ ಬಿಡಲಿಲ್ಲ. ಪೊರಕೆಯ ವಿಷಯ ಹೇಳಿದಾಗ ಅವರು ನಕ್ಷೆ ತೆಗೆದು ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಈ ತಿರುವಿನ ಅಪಘಾತದ ಹಳೆಯ ಫೈಲುಗಳನ್ನೆಲ್ಲ ತರಿಸಿದ್ದಾರಂತೆ. ಮೊಟ್ಟಮೊದಲನೆಯದರಲ್ಲಿ ಒಬ್ಬ ಚಾಲಕ ಜಿಂಕೆ ಎಂದಿದ್ದಾನೆ, ಪಕ್ಕದಲ್ಲಿ ಯಾರೋ "ನಂಬಲರ್ಹವಲ್ಲ" ಎಂದು ಬರೆದಿದ್ದಾರೆ, ಅಂದರು.

"ಆ ಚಾಲಕ ನಮ್ಮ ಭಾವ," ಅಂದೆ.

ಕಚೇರಿಗೆ ಹೋಗಿ ಫೈಲು ಓದಲು ಕೊಟ್ಟರು. ಭಾವನ ಹೇಳಿಕೆ ಅರ್ಧ ಪುಟ. "ಮೂರು ಜಿಂಕೆ. ಒಂದು ಮರಿ. ತಲೆ ತಗ್ಗಿಸಿ ರಸ್ತೆಯಲ್ಲಿ ಏನೋ ತಿನ್ನುತ್ತಿದ್ದವು. ಮರಿಯನ್ನು ತಪ್ಪಿಸಲು ತಿರುಗಿಸಿದೆ. ಚಕ್ರದಡಿ ಏನೋ ಮೆತ್ತಗಿನದು ಸಿಕ್ಕಿ ಜಾರಿತು." ಕೆಳಗೆ ಅವರ ಸಹಿ. ಮರಿಯ ವಿಷಯ ಅವರು ನಮಗೆ ಯಾರಿಗೂ ಹೇಳಿಯೇ ಇಲ್ಲ. ಹೇಳಲು ನಾವು ಬಿಟ್ಟರೆ ತಾನೇ.

ಮೇಡಂ ರಿಜಿಸ್ಟರಿನಲ್ಲಿ ಮತ್ತಿ ಹೊಡೆದು ಅತ್ತಿ ಎಂದು ಬರೆದು, ಪಕ್ಕದಲ್ಲಿ ಕಾರಣ ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು. ಹನ್ನೊಂದು ಮರಗಳನ್ನೂ ಕಡಿಯುತ್ತಾರೆ. ಅದಕ್ಕೂ ಒಂದು ಹೊತ್ತು ಅತ್ತೆ. ಮರ ಯಾರಿಗೆ ಏನು ಮಾಡಿತ್ತು? ಯಾವ ಜಾಗದಲ್ಲಿ ನಿಲ್ಲಿಸಿದರೋ ಅಲ್ಲಿ ನಿಂತು ಹಣ್ಣು ಬಿಟ್ಟಿತು.

ಮಾರ್ಚ್ ೯, ಭಾನುವಾರ

ಅಕ್ಕಾ,

ಈ ಪುಟವನ್ನು ಒಳ್ಳೆಯ ಹಾಳೆಗೆ ಇಳಿಸುವುದಿಲ್ಲ. ನಕಲು ಮಾಡಲು ಕೂತರೆ ಒಂದೊಂದೇ ಸಾಲು ಬಿಡುತ್ತೇನೆ, ಅದು ನನ್ನ ಅಭ್ಯಾಸ. ಹೀಗೇ ಹರಿದು ಲಕೋಟೆಗೆ ಹಾಕುತ್ತೇನೆ.

ಭಾವ ಸುಳ್ಳು ಹೇಳಲಿಲ್ಲ. ತೂಕಡಿಸಲೂ ಇಲ್ಲ. ಅಲ್ಲಿ ಜಿಂಕೆ ಇತ್ತು, ಒಂದಲ್ಲ, ಮೂರು. ಅವು ಬಂದದ್ದು ಅತ್ತಿಹಣ್ಣಿಗೆ. ಅಲ್ಲಿ ಮತ್ತಿ ನೆಡಬೇಕಿತ್ತು, ಚೀಟಿ ತಪ್ಪು ಓದಿ ಅತ್ತಿ ನೆಟ್ಟವಳು ನಾನು. ವಿಚಾರಣೆಯ ದಿನ ಇದು ನನಗೆ ಗೊತ್ತಿತ್ತು, ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಓದು ತಪ್ಪಿದ್ದನ್ನು ಯಾರಾದರೂ ಕ್ಷಮಿಸಿಯಾರು. ಆಮೇಲೆ ನಿಮ್ಮ ಜೊತೆ ಕೂತು ನಾನೂ ನಕ್ಕೆನಲ್ಲ, ಅದನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀನು ಅವರನ್ನು ಆಡಿಕೊಂಡದ್ದು ನನ್ನ ಮೌನವನ್ನು ನಂಬಿ. ಆ ಪಾಪದಲ್ಲಿ ನಿನ್ನ ಪಾಲೂ ನನ್ನದೇ.

ಕಚೇರಿಯ ರಿಜಿಸ್ಟರಿನಲ್ಲಿ ತಿದ್ದಿಸಿದ್ದೇನೆ. ಭಾವನ ಫೈಲಿನಲ್ಲಿಯೂ ನಿಜ ಬರೆದುಕೊಟ್ಟಿದ್ದೇನೆ, ಮೇಡಂ ಅದರ ನಕಲಿಗೆ ಮೊಹರು ಹಾಕಿಸಿ ಕೊಟ್ಟಿದ್ದಾರೆ, ಇದರ ಜೊತೆಗಿದೆ. ಲೈಸೆನ್ಸು ಮರಳಿ ಬಂದರೂ ಈ ವಯಸ್ಸಿನಲ್ಲಿ ಅವರಿಗೆ ಏನು ಪ್ರಯೋಜನ ಎಂದು ನೀನು ಕೇಳಬಹುದು. ನನಗೂ ಗೊತ್ತಿಲ್ಲ. ಆದರೂ ಅದನ್ನು ಅವರ ಕೈಗೇ ಕೊಡು. ಪುಟ್ಟಿ, ಮೇಷ್ಟ್ರು, ಗುಂಡ ಎಲ್ಲರೂ ಇರುವಾಗ ಈ ಕಾಗದವನ್ನು ಗಟ್ಟಿಯಾಗಿ ಓದು. ನನ್ನ ಮಾನದ ಬಗ್ಗೆ ಯೋಚಿಸಿ ಎಲ್ಲೂ ದನಿ ಇಳಿಸಬೇಡ.

ಭಾವ, ಇಲ್ಲಿಂದ ನಿಮಗೆ. ನೀವು ಜಿಂಕೆಮರಿಯನ್ನು ಉಳಿಸಲು ಗಾಡಿ ತಿರುಗಿಸಿದಿರಿ ಎಂದು ಮೊನ್ನೆ ಓದಿ ತಿಳಿದುಕೊಂಡೆ. ಮರಿ ಬದುಕಿತೇ? ಫೈಲಿನಲ್ಲಿ ಅದನ್ನು ಯಾರೂ ಕೇಳಿಲ್ಲ. ಈ ಕಾಗದಕ್ಕೆ ಅಕ್ಕ ಉತ್ತರ ಬರೆಯುವುದು ಬೇಡ, ನೀವೇ ಬರೆಯಿರಿ. ನನ್ನನ್ನು ಏನು ಅನ್ನಬೇಕೋ ಅದನ್ನೂ ಬರೆಯಿರಿ, ಮರಿಗೆ ಏನಾಯಿತು ಎಂಬುದನ್ನೂ ಬರೆಯಿರಿ. ಇಲ್ಲಿ ಅಂಚೆಯವನು ಮಧ್ಯಾಹ್ನದ ಮೊದಲೇ ಬಂದುಹೋಗುತ್ತಾನೆ. ಅಷ್ಟು ಹೊತ್ತಿಗೆ ನಾನು ಬಾಗಿಲಲ್ಲೇ ಇರುತ್ತೇನೆ. ತಡ ಮಾಡಬೇಡಿ.